ಡಿಲೀಟ್ ಒತ್ತಿದ ಮೇಲೂ ಉಳಿಯುವ ಕಡತ

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಇಂಟರ್ನೆಟ್ ಕೆಫೆಯಂಥ ಕಡೆ, ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ ಇ-ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಬೇಡಿ; ಮಾಡಲೇಬೇಕಾಗಿ ಬಂದರೆ ಅದರ ಎಲ್ಲ ಪ್ರತಿಗಳನ್ನೂ ಆ ಕಂಪ್ಯೂಟರಿನಿಂದ ಶಾಶ್ವತವಾಗಿ ಅಳಿಸಿ ಎಂದು ಅದರಲ್ಲೊಂದು ಸಲಹೆ ಇತ್ತು. ಆಧಾರ್ ನೆರಳಚ್ಚನ್ನು ಕಂಡಕಂಡವರಿಗೆ ಕೊಡಬೇಡಿ ಎಂಬ ಇನ್ನೊಂದು ಸಲಹೆಯನ್ನು ಜನ ತಪ್ಪಾಗಿ ತಿಳಿಯಬಹುದೆಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಇಡೀ ಪ್ರಕಟಣೆಯನ್ನು ಹಿಂಪಡೆಯಿತು. ಆದರೆ ಅಳಿಸುವ ಕುರಿತ ಆ ಸಲಹೆ ಸರಿಯಾದದ್ದೇ, ಅದನ್ನು ಪಾಲಿಸುವುದು ಎಷ್ಟು ಕಷ್ಟ ಎಂಬುದು ಬೇರೆ ಮಾತು. ಕೌಂಟರಿನ ಈಚೆ ನಿಂತು, ಮೌಸ್ ಕೂಡ ಕೈಗೆ ಸಿಗದೆ, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಒಬ್ಬ ಹೆಂಗಸು ತನ್ನ ಆಧಾರ್ ಪ್ರತಿಯನ್ನು ಬೇರೆಯವರ ಕಂಪ್ಯೂಟರಿನಿಂದ ಶಾಶ್ವತವಾಗಿ ಅಳಿಸುವುದು ಹೇಗೆ?

ಅಂಗಡಿಯ ಹುಡುಗ ಸಾಮಾನ್ಯವಾಗಿ ಕೊಡುವ ಭರವಸೆ ಒಂದೇ: "ಹಿಸ್ಟರಿ, ಕ್ಯಾಶ್ ಎಲ್ಲ ಕ್ಲಿಯರ್ ಮಾಡಿದೀನಮ್ಮ, ಏನೂ ಉಳಿದಿರಲ್ಲ." ಅವನು ಸುಳ್ಳು ಹೇಳುತ್ತಿಲ್ಲ, ಹಾಗೆಂದೇ ನಂಬಿದ್ದಾನೆ. ನಮ್ಮಲ್ಲಿ ಬಹಳ ಜನರ ನಂಬಿಕೆಯೂ ಅದೇ.

ಬ್ರೌಸರಿನ ಕ್ಯಾಶ್ ಹುಟ್ಟಿದ್ದು ಗುಟ್ಟು ಕಾಯುವುದಕ್ಕಲ್ಲ, ವೇಗಕ್ಕೆ. ಒಂದು ಜಾಲತಾಣಕ್ಕೆ ಮೊದಲ ಸಲ ಹೋದಾಗ ಅದರ ಲಾಂಛನ, ಚಿತ್ರಗಳು, ಅಕ್ಷರವಿನ್ಯಾಸ, ಪುಟವನ್ನು ಕುಣಿಸುವ ಪ್ರೋಗ್ರಾಂ ಎಲ್ಲವೂ ನಮ್ಮ ಕಂಪ್ಯೂಟರಿಗೆ ಇಳಿಯುತ್ತವೆ. ಇದನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದನ್ನೂ ಸರ್ವರ್ ಜೊತೆಗೇ ಹೇಳಿ ಕಳಿಸುತ್ತದೆ. ಅದು ಸೆಕೆಂಡಿನ ಲೆಕ್ಕ. ಬದಲಾಗದ ಚಿತ್ರಗಳಿಗೆ 3,15,36,000 ಎಂದಿರುವುದು ಸಾಮಾನ್ಯ, ಅಂದರೆ ಪೂರ್ತಿ ಒಂದು ವರ್ಷ. ಅವಧಿ ಮುಗಿದ ಮೇಲೆ ಬ್ರೌಸರ್ "ಇದು ಬದಲಾಗಿದೆಯೇ?" ಎಂದು ಸರ್ವರನ್ನು ಕೇಳುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಸಂಖ್ಯೆಯಷ್ಟನ್ನೇ ವಾಪಸ್ ಕಳಿಸುತ್ತದೆ, ಚಿತ್ರವನ್ನಲ್ಲ. ಎರಡನೇ ಸಲ ಪುಟ ಬೇಗ ತೆರೆದುಕೊಳ್ಳುವುದು, ಡೇಟಾ ಉಳಿಯುವುದು ಇದರಿಂದಲೇ. ಜಾಲತಾಣ ಬದಲಾದರೂ ಬ್ರೌಸರ್ ಹಳೆಯ ಪ್ರತಿಗೇ ಜೋತುಬಿದ್ದಾಗ ಪುಟ ಅರೆಬರೆಯಾಗಿ ಕಾಣುತ್ತದೆ. ಸಹಾಯವಾಣಿಯವರು "ಕ್ಯಾಶ್ ಕ್ಲಿಯರ್ ಮಾಡಿ ನೋಡಿ" ಎನ್ನುವುದು ಆಗಲೇ, ಮತ್ತು ಆ ತೊಂದರೆಗೆ ಅದು ಸರಿಯಾದ ಮದ್ದು.

ಕ್ರೋಮ್ ಬ್ರೌಸರಿನ ಕ್ಯಾಶ್ ಫೋಲ್ಡರನ್ನು ತೆರೆದು ನೋಡಿದರೆ ಎಫ್ ಅಕ್ಷರದ ಮುಂದೆ ಅಂಕಿಗಳಿರುವ ಸಾಲುಸಾಲು ಕಡತಗಳು ಕಾಣುತ್ತವೆ. ಹೆಸರಿನಿಂದ ಒಳಗೇನಿದೆ ಎಂದು ತಿಳಿಯುವುದಿಲ್ಲ. ಚಿತ್ರವಿರುವ ಕಡತವೊಂದನ್ನು ನಕಲಿಸಿ, ಹೆಸರಿನ ಕೊನೆಗೆ ಜೆಪಿಜಿ ಎಂದು ಸೇರಿಸಿ ತೆರೆದರೆ ಯಾವಾಗಲೋ ನೋಡಿದ ಸುದ್ದಿಯ ಫೋಟೊ ಥಟ್ಟನೆ ಎದುರಿಗೆ ಬರುತ್ತದೆ. ಕ್ಯಾಶ್ ಗುಟ್ಟು ಬಿಟ್ಟುಕೊಡುವುದಿಲ್ಲ ಎಂದಲ್ಲ. ಒಂದು ಚಿತ್ರ ಎಷ್ಟು ಬೇಗ ತೆರೆಯಿತು ಎಂದು ಅಳೆದೇ ನೀವು ಇನ್ನೊಂದು ತಾಣಕ್ಕೆ ಹೋಗಿದ್ದಿರೋ ಇಲ್ಲವೋ ಎಂದು ಪತ್ತೆಹಚ್ಚಬಹುದೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ಮೈಕಲ್ ಷ್ನೈಡರ್ 2000ದಲ್ಲೇ ತೋರಿಸಿದ್ದರು. ಪ್ರತಿ ತಾಣಕ್ಕೂ ಕ್ಯಾಶನ್ನು ಬೇರೆಬೇರೆಯಾಗಿ ಇಡುವ ಏರ್ಪಾಡು ಕ್ರೋಮ್‌ಗೆ ಬಂದದ್ದು 2020ರಲ್ಲಿ.

ಆದರೆ ಕೌಂಟರಿನ ಮುಂದೆ ನಿಂತವರಿಗೆ ಮೊದಲ ಅಪಾಯ ಕ್ಯಾಶ್ ಅಲ್ಲ. ಬ್ಯಾಂಕಿನ ಪುಟಗಳಂಥವನ್ನು ಉಳಿಸಿಕೊಳ್ಳಲೇಬೇಡ ಎಂದು ಸರ್ವರ್ ಬ್ರೌಸರಿಗೆ ಆದೇಶಿಸಬಹುದು, ಎಚ್ಚರದ ತಾಣಗಳು ಹಾಗೆಯೇ ಮಾಡುತ್ತವೆ. ಲಾಗ್‌ಔಟ್ ಮಾಡದೆ ಎದ್ದು ಬಂದರೆ ಕುಕಿಯ ಬಲದಿಂದ ಮುಂದಿನವರು ನಿಮ್ಮ ಖಾತೆಯೊಳಗೆ ಕೂರುತ್ತಾರೆ. ಕುಕಿಗೆ ಅಳಿಸುವ ಪಟ್ಟಿಯಲ್ಲಿ ಬೇರೆಯೇ ಗುರುತು ಹಾಕಬೇಕು. ಇನ್ನು ಡೌನ್‌ಲೋಡ್ ಆದ ಪಿಡಿಎಫ್ ಕ್ಯಾಶಿನಲ್ಲಿ ಇರುವುದೇ ಇಲ್ಲ. ಅದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇರುತ್ತದೆ, ಬ್ರೌಸರಿನಲ್ಲಿ ಏನೇ ಕ್ಲಿಯರ್ ಮಾಡಿದರೂ ಅಲ್ಲೇ ಇರುತ್ತದೆ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಇಳಿಸಿಕೊಂಡರೂ ಅಷ್ಟೇ. ಅಂಗಡಿಯ ಗೋಡೆಗೆ ಅಂಟಿಸಿದ ನಂಬರಿಗೆ ವಾಟ್ಸಾಪ್ ಮಾಡಿ ಪ್ರಿಂಟ್ ತೆಗೆಸುವುದು ಈಗ ಎಲ್ಲ ಕಡೆ ರೂಢಿ. ಕಳಿಸಿದ್ದನ್ನು ಆಮೇಲೆ 'ಡಿಲೀಟ್ ಫಾರ್ ಎವರಿವನ್' ಮಾಡಿದರೆ ಚಾಟ್‌ನಿಂದ ಮಾಯವಾದೀತು, ಅವರ ಕಂಪ್ಯೂಟರಿಗೆ ಆಗಲೇ ಇಳಿದ ಪ್ರತಿ ಮಾತ್ರ ಕದಲುವುದಿಲ್ಲ.

ಪ್ರಿಂಟ್ ಕೊಟ್ಟಾಗ ಇನ್ನೂ ಒಂದು ಪ್ರತಿ ಹುಟ್ಟುತ್ತದೆ. ವಿಂಡೋಸ್ ತನ್ನ ಸ್ಪೂಲ್ ಫೋಲ್ಡರಿನಲ್ಲಿ ಆ ಪುಟಗಳನ್ನು ತಾತ್ಕಾಲಿಕವಾಗಿ ಬರೆದಿಟ್ಟು, ಮುದ್ರಣ ಮುಗಿದ ಮೇಲೆ ತಾನೇ ಅಳಿಸುತ್ತದೆ. ದೊಡ್ಡ ಡಿಜಿಟಲ್ ಜೆರಾಕ್ಸ್ ಯಂತ್ರಗಳಲ್ಲಿ ಅನೇಕಕ್ಕೆ ಒಳಗೇ ಹಾರ್ಡ್ ಡಿಸ್ಕ್ ಇರುತ್ತದೆ. 2010ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿ ಹಳೆಯ ನಾಲ್ಕು ಯಂತ್ರಗಳನ್ನು ಕೊಂಡು ಡಿಸ್ಕ್ ತೆಗೆಸಿ ನೋಡಿದಾಗ ಬಫಲೊ ನಗರದ ಪೊಲೀಸರ ದಾಖಲೆಗಳು, ರೋಗಿಗಳ ವೈದ್ಯಕೀಯ ಕಾಗದಗಳು ಸಿಕ್ಕಿದ್ದವು.

ಸರಿ, ಅಂಗಡಿಯ ಹುಡುಗ ಡೌನ್‌ಲೋಡ್ಸ್ ಫೋಲ್ಡರಿಗೇ ಹೋಗಿ ಡಿಲೀಟ್ ಒತ್ತಿದ ಎನ್ನೋಣ. ಕಡತ ರೀಸೈಕಲ್ ಬಿನ್‌ಗೆ ಹೋಗುತ್ತದೆ. ಅಲ್ಲಿ ವಿಂಡೋಸ್ ಎರಡು ಕಡತ ಇಡುತ್ತದೆ: ಒಂದರಲ್ಲಿ ಮೂಲ ಕಡತದ ಒಡಲು, ಇನ್ನೊಂದರಲ್ಲಿ ಅದರ ಹಳೆಯ ಹೆಸರು, ಇದ್ದ ಜಾಗ, ಗಾತ್ರ, ಅಳಿಸಿದ ಗಳಿಗೆ. ಅಳಿಸಿದ್ದಕ್ಕೇ ಹೊಸದೊಂದು ದಾಖಲೆ ಹುಟ್ಟಿದಂತಾಯಿತು. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಈ ಮೆಟ್ಟಿಲು ತಪ್ಪುತ್ತದೆ, ಮುಂದಿನದು ತಪ್ಪುವುದಿಲ್ಲ.

ಮುಂದಿನದೇ ನಿಜವಾದ ವಿಷಯ. ಹಾರ್ಡ್ ಡಿಸ್ಕಿನಲ್ಲಿ ಕಡತವೊಂದು, ಅದರ ದಾಖಲೆ ಇನ್ನೊಂದು. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಹೊಲದ ಬೆಳೆ ಎಲ್ಲಿಗೂ ಹೋಗುವುದಿಲ್ಲವಲ್ಲ, ಡಿಲೀಟ್ ಎಂಬುದು ಹೆಚ್ಚೂಕಡಿಮೆ ಅಂಥ ತಿದ್ದುಪಡಿ. ಡಾಸ್ ಕಾಲದಿಂದ ಬಂದು ಇಂದಿಗೂ ಎಷ್ಟೋ ಪೆನ್ ಡ್ರೈವ್, ಮೆಮೊರಿ ಕಾರ್ಡುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ಪದ್ಧತಿಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಅಳಿಸು ಎಂದಾಗ ಅದು ಕಡತದ ಹೆಸರಿನ ಮೊದಲ ಅಕ್ಷರವನ್ನು ತೆಗೆದು ಒಂದು ಗುರುತು ಹಾಕುತ್ತದೆ, ಆ ಕಡತ ಹಿಡಿದಿದ್ದ ಜಾಗಗಳನ್ನು ಖಾಲಿ ಎಂದು ಬರೆದುಕೊಳ್ಳುತ್ತದೆ. ಕಡತದ ಒಡಲನ್ನು ಮುಟ್ಟುವುದೇ ಇಲ್ಲ. ಪೀಟರ್ ನಾರ್ಟನ್ 1982ರಲ್ಲಿ ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶ ತಂದು ಹೆಸರಾದದ್ದು ಈ ಸಂಗತಿಯ ಮೇಲೆಯೇ. 1991ರ ಡಾಸ್ 5ರಲ್ಲಿ ಅನ್‌ಡಿಲೀಟ್ ಎಂಬ ಕಮಾಂಡೇ ಬಂತು. ಅದು ಅಳಿಸಿದ ಕಡತದ ಹೆಸರನ್ನು ಮೊದಲಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ತೋರಿಸಿ, ಆ ಅಕ್ಷರ ಯಾವುದೆಂದು ಬಳಸುವವರನ್ನೇ ಕೇಳುತ್ತಿತ್ತು. ಅಕ್ಷರ ಒತ್ತಿದರೆ, ಒಡಲು ಕೆಟ್ಟಿಲ್ಲದಿದ್ದರೆ, ಕಡತ ವಾಪಸ್. ಇಂದಿನ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್‌ನಲ್ಲಿ ಮೊದಲಕ್ಷರವೂ ಹೋಗುವುದಿಲ್ಲ, ಈ ನಮೂದು ಬಳಕೆಯಲ್ಲಿಲ್ಲ ಎಂದು ಗುರುತಾಗುತ್ತದೆ ಅಷ್ಟೆ.

ನಮೂದೂ ಅಳಿಸಿಹೋದರೆ? ಆಗಲೂ ದಾರಿಯಿದೆ. ಪಿಡಿಎಫ್ ಕಡತ ಶೇಕಡಾ ಚಿಹ್ನೆಯ ಜೊತೆ ಪಿಡಿಎಫ್ ಎಂಬ ಮೂರು ಅಕ್ಷರಗಳಿಂದಲೇ ಶುರುವಾಗುತ್ತದೆ, ಜೆಪಿಜಿ ಚಿತ್ರಕ್ಕೂ ಅದರದೇ ಆರಂಭದ ಗುರುತಿದೆ. ಫೋಟೊರೆಕ್‌ನಂಥ ಉಚಿತ ತಂತ್ರಾಂಶಗಳು ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಈ ಗುರುತು ಕಂಡಲ್ಲಿಂದ ಕಡತವನ್ನು ಎತ್ತಿಕೊಳ್ಳುತ್ತವೆ. ಮದುವೆಯ ಫೋಟೊ ಅಳಿಸಿಹೋಗಿ ಕಣ್ಣೀರಿಟ್ಟವರಿಗೆ ಇದು ವರ. ಅದೇ ತಂತ್ರಾಂಶಕ್ಕೆ ನಿಮ್ಮ ಇ-ಆಧಾರ್ ಕೂಡ ಸಿಗುತ್ತದೆ. ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ. ಪ್ರಿಂಟ್ ತೆಗೆಯಲು ಕೌಂಟರಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದೂ ಅದನ್ನೇ.

ಈ ಮಾತು ಊಹೆಯದಲ್ಲ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಸಂಶೋಧಕರು ಸೆಕೆಂಡ್‌ಹ್ಯಾಂಡ್ ಆಗಿ ಮಾರಾಟಕ್ಕಿದ್ದ 158 ಹಾರ್ಡ್ ಡಿಸ್ಕುಗಳನ್ನು ಕೊಂಡು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದವು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ಸಿಕ್ಕಿದ್ದವು. ಮಾರಿದವರಲ್ಲಿ ಅನೇಕರು ಫಾರ್ಮ್ಯಾಟ್ ಮಾಡಿಯೇ ಮಾರಿದ್ದರು. ಆ ಕಾಲದಲ್ಲಿ ಫಾರ್ಮ್ಯಾಟ್ ಎಂದರೂ ಹೊಸ ದಾಖಲೆ ಪುಸ್ತಕ ತೆರೆಯುವುದಷ್ಟೇ ಆಗಿತ್ತು.

ಹಾಗಾದರೆ ನಿಜವಾಗಿ ಅಳಿಯುವುದು ಯಾವಾಗ? ಅದೇ ಜಾಗದ ಮೇಲೆ ಬೇರೆ ಏನಾದರೂ ಬರೆದಾಗ. ಪೀಟರ್ ಗುಟ್‌ಮನ್ 1996ರ ಪ್ರಬಂಧದಲ್ಲಿ ಹೇಳಿದ 35 ಸಲದ ಬರಹ ಒಂದು ಮಂತ್ರದಂತೆ ಹಬ್ಬಿತು. ಇಂದಿನ ಡಿಸ್ಕುಗಳಿಗೆ ಅದು ಬೇಕಿಲ್ಲ ಎಂದು ಅವರೇ ಆಮೇಲೆ ಹೇಳಿದ್ದಾರೆ. ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸಲ ಸಾಕು. ವಿಂಡೋಸ್‌ನಲ್ಲಿ ಸೈಫರ್ ಎಂಬ ಕಮಾಂಡ್ ಇದೆ. ಅದು ಖಾಲಿ ಎನಿಸಿಕೊಂಡ ಜಾಗವನ್ನೆಲ್ಲ ಮೂರು ಸುತ್ತು ತುಂಬುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಅಂಗಡಿ ಬಾಗಿಲು ಹಾಕಿದ ಮೇಲೆ ಓಡಲು ಬಿಡಬಹುದು.

ಎಸ್‌ಎಸ್‌ಡಿಯ ಕಥೆ ಬೇರೆ. ಅದರ ಚಿಪ್ಪಿನಲ್ಲಿ ಬರೆದದ್ದರ ಮೇಲೆ ನೇರವಾಗಿ ಮತ್ತೆ ಬರೆಯಲಾಗದು, ಇಡೀ ಬ್ಲಾಕನ್ನು ಒರೆಸಿಯೇ ಬರೆಯಬೇಕು. ಅದಕ್ಕಾಗಿ ಹೊಸ ಬರಹ ಬೇರೆ ಜಾಗಕ್ಕೆ ಹೋಗುತ್ತದೆ, ಹಳೆಯದು ಇದ್ದಲ್ಲೇ ಉಳಿಯುತ್ತದೆ. ಒಂದೇ ಕಡತವನ್ನು ಹುಡುಕಿ ಒರೆಸುವ ಸಾಧನಗಳು ಇಲ್ಲಿ ಸೋಲುತ್ತವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 2011ರಲ್ಲಿ ತೋರಿಸಿದರು. ಇನ್ನೊಂದು ಕಡೆ ಟ್ರಿಮ್ ಎಂಬ ಆದೇಶವಿದೆ. ಕಡತ ಅಳಿಸಿದೊಡನೆ ಈ ಜಾಗ ಬೇಡವೆಂದು ವಿಂಡೋಸ್ ಎಸ್‌ಎಸ್‌ಡಿಗೆ ತಿಳಿಸುತ್ತದೆ, ಅದು ಬಿಡುವಾದಾಗ ಒರೆಸಿಕೊಳ್ಳುತ್ತದೆ. ಇದು 2009ರ ವಿಂಡೋಸ್ 7ರಿಂದ ಇದೆ. ಹಾಗಾಗಿ ಎಸ್‌ಎಸ್‌ಡಿಯಲ್ಲಿ ಕಳೆದುಕೊಂಡ ಫೋಟೊ ಮರಳಿ ಸಿಗುವುದು ಕಷ್ಟ, ಹೋಯಿತೆಂದುಕೊಂಡದ್ದು ಹೋಗೇ ಹೋಯಿತೆಂಬ ಖಾತ್ರಿಯೂ ಇಲ್ಲ.

ಮೊಬೈಲುಗಳು ಈ ಇಕ್ಕಟ್ಟಿನಿಂದ ಹೊರಬಂದದ್ದು ಗೂಢಲಿಪಿಯಿಂದ. ಎಲ್ಲವನ್ನೂ ಮೊದಲೇ ಗೂಢಲಿಪಿಯಲ್ಲಿ ಬರೆದಿಟ್ಟರೆ, ಅಳಿಸಬೇಕಾದದ್ದು ಅದನ್ನು ಬಿಡಿಸುವ ಕೀಲಿ ಒಂದನ್ನೇ. ಆಂಡ್ರಾಯ್ಡ್ 6 ಬಂದ 2015ರಿಂದ, ಅದನ್ನು ತಾಳಿಕೊಳ್ಳುವ ಶಕ್ತಿಯಿರುವ ಹೊಸ ಫೋನುಗಳಿಗೆ ಇದು ಕಡ್ಡಾಯವಾಯಿತು. ಈಚಿನ ಫೋನು ಮಾರುವಾಗ ಫ್ಯಾಕ್ಟರಿ ರಿಸೆಟ್ ನಂಬಿಕೆಗೆ ಯೋಗ್ಯ ಎನ್ನುವುದು ಇದಕ್ಕೇ. ಮೆಮೊರಿ ಕಾರ್ಡನ್ನು ಮಾತ್ರ ತೆಗೆದಿಟ್ಟುಕೊಳ್ಳಿ.

ಇಷ್ಟನ್ನೆಲ್ಲ ತಿಳಿದ ಮೇಲೆ ಆ ಹೆಂಗಸಿಗೆ "ನೀವೇ ಶಾಶ್ವತವಾಗಿ ಅಳಿಸಿಕೊಳ್ಳಿ" ಎನ್ನಲು ನನಗೆ ಮನಸ್ಸು ಬಾರದು. ಅವರ ಕೈಲಾಗುವುದು ಇಷ್ಟು: ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳುವುದು, ಸಾಧ್ಯವಾದಲ್ಲಿ ಪ್ರಿಂಟಿನ ಬದಲು ಫೋನಿನಲ್ಲೇ ಡಿಜಿಲಾಕರ್ ತೋರಿಸುವುದು, ಲಾಗ್‌ಔಟ್ ಆದದ್ದನ್ನು ಕಣ್ಣಾರೆ ನೋಡುವುದು, ಡೌನ್‌ಲೋಡ್ಸ್ ಫೋಲ್ಡರನ್ನೂ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿಸುವುದು. ಉಳಿದದ್ದು ಯಂತ್ರ ಇಟ್ಟುಕೊಂಡವರ ಕೆಲಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಉದ್ದೇಶ ಮುಗಿದ ಮೇಲೆ ಅಳಿಸುವ ಹೊಣೆಯನ್ನು ದತ್ತಾಂಶ ಇಟ್ಟುಕೊಂಡವರ ಮೇಲೆಯೇ ಹೊರಿಸುತ್ತದೆ. ಗ್ರಾಮ ಒನ್, ಕರ್ನಾಟಕ ಒನ್‌ನಂಥ ಕೇಂದ್ರಗಳಲ್ಲಿ ದಿನಾ ಎಷ್ಟೋ ಮಂದಿಯ ಕಾಗದಪತ್ರ ಒಂದೇ ಕಂಪ್ಯೂಟರನ್ನು ಹಾದುಹೋಗುತ್ತವೆ. ಅಂಥ ಕಡೆ ಡಿಸ್ಕ್ ಪೂರ್ತಿ ಗೂಢಲಿಪಿಯಲ್ಲಿರಬೇಕು, ದಿನದ ಕಡತಗಳು ಸಂಜೆಗೆ ಹೋಗಬೇಕು ಎಂಬುದು ಕರಾರಿನಲ್ಲೇ ಇರಬೇಕು. ಗೂಢಲಿಪಿ ಇದ್ದರೂ ಕಂಪ್ಯೂಟರ್ ಚಾಲೂ ಇರುವಾಗ ಒಳಗಿನವರ ಕಣ್ಣಿಗೆ ಮರೆಯಿಲ್ಲ. ಅದು ಕಾಯುವುದು ಯಂತ್ರ ಕಳುವಾದಾಗ, ಗುಜರಿಗೆ ಹೋದಾಗ.

ಗುಜರಿಗೆ ಹೋಗುವ ಡಿಸ್ಕುಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಕೆಟ್ಟು ನಿಂತವುಗಳ ಬಗ್ಗೆ. ಅವು ಆನ್ ಆಗುವುದಿಲ್ಲವಾದ್ದರಿಂದ ಮೇಲೆ ಏನನ್ನೂ ಬರೆದು ಅಳಿಸಲಾಗದು, ಆದರೆ ಒಳಗಿನ ತಟ್ಟೆಗಳು ನೆಟ್ಟಗಿದ್ದರೆ ಬಲ್ಲವರು ಓದಬಲ್ಲರು. ಅಂಥದನ್ನು ಇ-ತ್ಯಾಜ್ಯಕ್ಕೆ ಕೊಡುವ ಮುನ್ನ ತಟ್ಟೆಗಳ ಮೂಲಕ ಹಾಯುವಂತೆ ನಾಲ್ಕಾರು ಕಡೆ ಡ್ರಿಲ್ ಮಾಡಿಸಬೇಕು. ಎಸ್‌ಎಸ್‌ಡಿಯಾದರೆ ಒಂದು ತೂತು ಸಾಲದು, ಒಳಗಿನ ಪ್ರತಿ ಚಿಪ್ಪೂ ಒಡೆದಿರಬೇಕು.