ಹುಲಿ-ಕುರಿ ಮತ್ತು ‘ಗೋ’: ಎರಡು ಆಟಗಳ ಪಾಠ

ಬೂದಿಕೋಟೆ ಎಂದೊಡನೆ ಹೈದರ್ ಅಲಿಯ ಜನ್ಮಸ್ಥಳವೆಂಬ ಚರಿತ್ರೆಯ ಮಾತು ನೆನಪಾಗುವುದು ಸಹಜ. ಕನ್ನಡ, ತೆಲುಗು, ತಮಿಳು ಬೆರೆತ ಈ ಬಂಗಾರಪೇಟೆ, ಚಿನ್ನದ ಗಣಿಗಳ ಸೀಮೆಯ ಮೂರು ನುಡಿಗಳಿಗೂ ಸೇರಿದ ಸಂಪತ್ತು ಇನ್ನೊಂದುಂಟು. ಅದು ಹುಲಿ-ಕುರಿ ಆಟ. ತೆಲುಗಿನಲ್ಲಿ ಪುಲಿ-ಮೇಕ, ತಮಿಳಿನಲ್ಲಿ ಆಡು-ಪುಲಿ ಆಟ್ಟಂ; ಹೆಸರು ಮೂರಾದರೂ ಆಟ ಒಂದೇ.

ಸಾಮಾನ್ಯ ಪದ್ಧತಿಯಲ್ಲಿ ಗೆರೆಗಳು ಕೂಡುವ 23 ಸಂಧಿಗಳು, 3 ಹುಲಿಗಳು, 15 ಕುರಿಗಳು ಇರುತ್ತವೆ. ಕುರಿಗಳನ್ನು ಒಂದೊಂದಾಗಿ ಇಡಬೇಕು; ಎಲ್ಲವನ್ನೂ ಇಟ್ಟ ಬಳಿಕವಷ್ಟೇ ಅವು ನಡೆಯಬಹುದು. ಪಕ್ಕದ ಕುರಿಯ ಆಚೆಗೆ, ಅದೇ ಗೆರೆಯಲ್ಲಿ ಬರಿದಾದ ಸಂಧಿಯಿದ್ದರೆ ಹುಲಿ ನೆಗೆದು ಅದನ್ನು ಕೊಲ್ಲುತ್ತದೆ. ಹುಲಿಗಳು ಕದಲದಂತೆ ಕಟ್ಟಿಹಾಕಿದರೆ ಕುರಿಗಳಿಗೆ ಜಯ. ಬೆನ್ನಿಗೆ ಮತ್ತೊಂದು ಕುರಿ ನಿಂತರೆ ಮುಂದಿನ ಕುರಿ ಉಳಿಯುತ್ತದೆ. ದುರ್ಬಲರ ಒಗ್ಗಟ್ಟೇ ಇಲ್ಲಿನ ಯುದ್ಧನೀತಿ.

ಚೀನಾದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಆಡುತ್ತಿದ್ದ ‘ಗೋ’ ಕೂಡ ಸಂಧಿಗಳ ಮೇಲೆ ಆಡುವ ಆಟವೇ. ಉದ್ದಕ್ಕೂ ಅಡ್ಡಕ್ಕೂ 19 ಗೆರೆಗಳು, 361 ಸಂಧಿಗಳು. ಕಪ್ಪು, ಬಿಳಿ ಕಾಯಿಗಳನ್ನು ಸರದಿಯಂತೆ ಇಡುತ್ತಾರೆ. ಇಟ್ಟ ಕಾಯಿ ಕದಲುವುದಿಲ್ಲ. ಗೆರೆಯಗುಂಟ ಪಕ್ಕದಲ್ಲಿರುವ ಬರಿದಾದ ಸಂಧಿಗಳೇ ಕಾಯಿಯ ಉಸಿರು. ನಡುವೆ ಇದ್ದರೆ 4, ಅಂಚಿನಲ್ಲಿ 3, ಮೂಲೆಯಲ್ಲಿ 2. ಎಲ್ಲವನ್ನೂ ಎದುರಾಳಿ ಮುಚ್ಚಿದರೆ ಕಾಯಿ ಸೆರೆ. ಹೆಚ್ಚು ನೆಲವನ್ನು ಸುತ್ತುವರಿದವನಿಗೆ ಜಯ. ಬಲ್ಲವನು ಕಲಿಯುವವನಿಗೆ ಕೆಲವು ಕಾಯಿಗಳನ್ನು ಮೊದಲೇ ಇಡಲು ಬಿಡುವ ಪದ್ಧತಿಯಿರುವುದರಿಂದ, ಗುರುಶಿಷ್ಯರಿಬ್ಬರೂ ಸಮಸ್ಪರ್ಧಿಗಳಾಗಿ ಕೂರಬಹುದು.

ಹುಲಿಯನ್ನು ಕಟ್ಟಿಹಾಕಲು ಬಲ್ಲ ಬಾಲಕನಿಗೆ ‘ಗೋ’ ಅಪರಿಚಿತವೆನಿಸದು. ಕಲಿಕೆಗೆ 9 ಗೆರೆಗಳ ಚೌಕ ಸಾಕು. ನೆಲದ ಮೇಲೆ ಸೀಮೆಸುಣ್ಣದ ಗೆರೆ, ಬೇಳೆ ಮತ್ತು ಬೆಣಚುಕಲ್ಲು, ಇಷ್ಟೇ ಪರಿಕರ.

ಆದರೆ ಎರಡರ ಭಾಗ್ಯ ಬೇರೆ. ಜಪಾನಿನಲ್ಲಿ 17ನೆಯ ಶತಮಾನದಿಂದ ತೊಕುಗವಾ ಆಡಳಿತವು ನಾಲ್ಕು ‘ಗೋ’ ಮನೆತನಗಳನ್ನು ಪೋಷಿಸಿತು, ಪಂದ್ಯಗಳ ನಡೆಗಳನ್ನು ಬರೆದಿಡಲಾಯಿತು, ಗುರುಪರಂಪರೆ ಬೆಳೆಯಿತು. ನಮ್ಮಲ್ಲಿಯೂ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಅಪಾರ ಆಸಕ್ತಿ ವಹಿಸಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರಣೆಯಿದೆ. ಆದರೆ ಹಳ್ಳಿಯ ಕಟ್ಟೆಯ ಹುಲಿ-ಕುರಿಯಾಟ ಹೆಚ್ಚಾಗಿ ಬಾಯಿಂದ ಬಾಯಿಗೆ, ಕಣ್ಣಿಂದ ಕೈಗೆ ಬಂದುದು. ಹಳೆಯ ದೇಗುಲಗಳ ಹಾಸುಗಲ್ಲಿನಲ್ಲಿ ಕೊರೆದ ಆಟದ ಗೆರೆಗಳು ನಾಡಿನ ಹಲವೆಡೆ ಉಳಿದಿವೆ. ಕಲ್ಲು ಗೆರೆಯನ್ನು ಕಾಪಾಡುತ್ತದೆ, ನಿಯಮವನ್ನು ಹೇಳಲಾರದು. ಹೇಳುವ ಹಿರಿಯರು ಮರೆಯಾದಂತೆ ಗೆರೆಗಳೂ ಮೂಕವಾಗುತ್ತವೆ.

ಆದುದರಿಂದ ಅಧ್ಯಾಪಕ ಮಹನೀಯರು ಮಕ್ಕಳಿಂದ ತಮ್ಮ ತಮ್ಮ ಊರಿನ ಮನೆಯ ನಕ್ಷೆ, ಕಾಯಿಗಳ ಸಂಖ್ಯೆ, ನಡೆಯ ಕಟ್ಟಳೆಗಳನ್ನು ಅಜ್ಜ-ಅಜ್ಜಿಯರನ್ನು ಕೇಳಿ ಬರೆಯಿಸಬೇಕು. ಹಳೆಯ ವಿದ್ಯಾರ್ಥಿಗಳು ತಾವು ಬಲ್ಲುದನ್ನು ಕಲಿಸಬೇಕು. ಸ್ವಂತ ಆಟವನ್ನು ಅರಿತ ಕೂಸು ಹೊರನಾಡಿನ ಆಟವನ್ನು ಗೌರವದಿಂದ ಕಲಿಯುತ್ತದೆ. ಇದಕ್ಕೆ ಬೇಕಾದುದು ಧನಕ್ಕಿಂತ ಮಿಗಿಲಾಗಿ, ಎದುರು ಕುಳಿತುಕೊಳ್ಳುವ ಒಬ್ಬ ಹಿರಿಯರ ಬಿಡುವು.