ನಿಮಗಿದು ಗೊತ್ತೆ? ಆನಂದ್ ಎದುರು ಚೆಸ್ ಆಡಿದ ಸುದೀಪ್

● 2021ರ ಜೂನ್ 13ರಂದು ನಟ ಸುದೀಪ್, ಐದು ಬಾರಿಯ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಅವರೊಂದಿಗೆ ಆನ್‌ಲೈನ್‌ನಲ್ಲಿ ಚೆಸ್ ಆಡಿದರು. ಕೋವಿಡ್ ನೆರವಿಗಾಗಿ ನಡೆದ ಈ ಆಟ ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾಯಿತು.

● ಹೀಗೆ ನೇರ ಪ್ರಸಾರದಲ್ಲಿ ಆಡಿ ಹೆಸರಾದವರ ಪೈಕಿ ಆಟದ ಬಲದಲ್ಲಿ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರ ಮುಂದು. 2015ರಲ್ಲೇ 2816 ರೇಟಿಂಗ್ ಮುಟ್ಟಿದವರು.

● ‘ಗೋಥಮ್‌ಚೆಸ್’ ಚಾನೆಲ್‌ನ ಲೆವಿ ರೋಜ್‌ಮನ್ ಒಂದು ಮೆಟ್ಟಿಲು ಕೆಳಗಿನ ಇಂಟರ್‌ನ್ಯಾಷನಲ್ ಮಾಸ್ಟರ್. ಆದರೂ ಯೂಟ್ಯೂಬ್‌ನಲ್ಲಿ ಚಂದಾದಾರರು ಅವರಿಗೇ ಹೆಚ್ಚು.

● ಹಾಸ್ಯಗಾರ ಸಮಯ್ ರೈನಾಗೆ ಇಂಥ ಪದವಿಗಳಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನಗಿಸುತ್ತಲೇ ಅಸಂಖ್ಯ ಭಾರತೀಯರಿಗೆ ಚೆಸ್ ರುಚಿ ಹತ್ತಿಸಿದರು.

● ಮಕ್ಕಳೇ, ನಗಲು ಯಾರನ್ನಾದರೂ ನೋಡಿ. ಕಲಿಯಲು ಮಾತ್ರ ಪ್ರತಿ ನಡೆಯ ಕಾರಣವನ್ನು ಬಿಡಿಸಿ ಹೇಳುವವರನ್ನೇ ಆರಿಸಿಕೊಳ್ಳಿ.