ಹಬ್ಬದ ಪಂಕ್ತಿಗೊಂದು ಬಟ್ಟಲು ಸೂಪು



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ನಮ್ಮ ಕರಾವಳಿಯಲ್ಲಿ ಅದೇ ಮೊಂತಿ ಹಬ್ಬ, ತೆನೆ ಹಬ್ಬ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಧರ್ಮಕೇಂದ್ರಗಳಲ್ಲಿ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಕುಟುಂಬಗಳು ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ಯುತ್ತವೆ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ, ಹೊಸ ಕಾಳುಗಳನ್ನು ಸುಲಿದು ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆ ಮೇಲೆ ಬಾಳೆ ಎಲೆಯ ಊಟ. ಮೀನು ಮಾಂಸ ಇಲ್ಲ. ತರಕಾರಿ ಪದಾರ್ಥಗಳು ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯಲ್ಲಿ.

ಆದರೆ ಹಲ್ಲಿಲ್ಲದ ಅಜ್ಜಿ, ಜ್ವರದಿಂದ ಎದ್ದ ಅಪ್ಪ, ಈಗಷ್ಟೇ ಅನ್ನ ಕಲಿತ ಮಗು ಈ ಊಟದಲ್ಲಿ ಎಲ್ಲಿರುತ್ತಾರೆ? ಎಷ್ಟೋ ಮನೆಗಳಲ್ಲಿ ಅವರಿಗೆ ಒಳಗಿನ ಕೋಣೆಯಲ್ಲಿ ಗಂಜಿ. ಹಬ್ಬದ ಅದೇ ತರಕಾರಿಯನ್ನು ನುಣ್ಣಗೆ ಅರೆದು ಸೂಪು ಮಾಡಿದರೆ ಅವರೂ ಎಲ್ಲರೊಂದಿಗೆ ಒಂದೇ ಪಂಕ್ತಿಯಲ್ಲಿ ಕೂರಬಹುದು. ಇದಕ್ಕೆ ಬೇಕಾದದ್ದು ಒಂದು ಮಿಕ್ಸಿ, ಸ್ವಲ್ಪ ತಾಳ್ಮೆ.

ಎಲೀಷನ ಮಡಕೆ

ಅರಸುಗಳ ಎರಡನೆಯ ಗ್ರಂಥದ 4ನೇ ಅಧ್ಯಾಯದಲ್ಲಿ ಒಂದು ಸಾರಿನ ಕಥೆಯಿದೆ. ಬರಗಾಲದಲ್ಲಿ ಪ್ರವಾದಿ ಎಲೀಷನ ಶಿಷ್ಯನೊಬ್ಬ ಗೊತ್ತಿಲ್ಲದ ಕಾಡುಕಾಯಿಗಳನ್ನು ತಂದು ಹೆಚ್ಚಿ ಮಡಕೆಗೆ ಹಾಕಿದ. ಬಾಯಿಗಿಟ್ಟವರು ಇದರಲ್ಲಿ ಸಾವಿದೆ ಎಂದು ಕೂಗಿಕೊಂಡರು. ಎಲೀಷ ಹಿಟ್ಟು ತರಿಸಿ ಹಾಕಿದಾಗ ಸಾರು ಉಣ್ಣಲು ಯೋಗ್ಯವಾಯಿತು.

ಅದು ದೇವರು ಮಾಡಿದ ಅದ್ಭುತ. ನಾವು ಹಿಟ್ಟನ್ನು ನಂಬಬಾರದು, ಕಾಯಿಯನ್ನು ಪರೀಕ್ಷಿಸಬೇಕು. ಸೋರೆ, ಹೀರೆ, ಸೌತೆ, ಚೀನಿಕಾಯಿ ಯಾವುದೇ ಇರಲಿ, ಹೆಚ್ಚುವಾಗ ಚಿಕ್ಕ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ವಿಪರೀತ ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಿರಿ. ಆ ಕಹಿ ವಿಷವೇ. ಕಹಿ ಸೋರೆಕಾಯಿಯ ರಸ ಕುಡಿದು ಸತ್ತವರು ನಮ್ಮ ದೇಶದಲ್ಲೇ ಇದ್ದಾರೆ. ಬೇಯಿಸಿದರೂ ಅದು ಹೋಗುವುದಿಲ್ಲ, ಮಿಕ್ಸಿಗೆ ಹಾಕಿದರೆ ಇಡೀ ಪಾತ್ರೆಗೆ ಹರಡುತ್ತದೆ.

ಚೀನಿಕಾಯಿ ಸೂಪು

ಐದಾರು ಮಂದಿಗೆ ಅರ್ಧ ಕಿಲೋ ಚೀನಿಕಾಯಿ, 1 ನೀರುಳ್ಳಿ, ಒಂದು ತುಂಡು ಶುಂಠಿ, 2 ಚಮಚ ಬೆಳ್ತಿಗೆ ಅಕ್ಕಿ, ಅರ್ಧ ತೆಂಗಿನಕಾಯಿಯ ಹಾಲು ಸಾಕು.

ರುಚಿ ಬರುವುದು ಅರೆಯುವುದರಿಂದಲ್ಲ, ಹುರಿಯುವುದರಿಂದ. ನೀರುಳ್ಳಿ, ಶುಂಠಿಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಕೆಂಪಗೆ ಹುರಿಯಿರಿ. ಪರಿಮಳ ಎಣ್ಣೆಯಂಶದಲ್ಲಿ ಕರಗಿ ಎಲ್ಲ ಕಡೆ ಹರಡುತ್ತದೆ. ಚೀನಿಕಾಯಿ, ಅಕ್ಕಿ ಮತ್ತು 4 ಲೋಟ ನೀರು ಹಾಕಿ, ಸೌಟಿನಲ್ಲಿ ಒತ್ತಿದರೆ ಕುಸಿಯುವಷ್ಟು ಬೇಯಿಸಿ. ಅರೆಬೆಂದ ತರಕಾರಿಯನ್ನು ಎಷ್ಟು ಅರೆದರೂ ತರಿ ಉಳಿಯುತ್ತದೆ. ಮೈದಾ, ಕಾರ್ನ್‌ಫ್ಲೋರ್ ಬೇಡ. ಬೆಂದ ಅಕ್ಕಿಯೇ ಸೂಪನ್ನು ಗಟ್ಟಿ ಮಾಡುತ್ತದೆ.

ಈಗ ನೀರು ಬಸಿದಿಟ್ಟು, ಹೋಳುಗಳನ್ನು ಚೆನ್ನಾಗಿ ಆರಲು ಬಿಡಿ. ಕುದಿಯುವ ಪದಾರ್ಥವನ್ನು ಜಾರಿಗೆ ಹಾಕಿ ಮುಚ್ಚಿದರೆ ತಿರುಗಿದೊಡನೆ ಹಬೆ ಉಕ್ಕಿ ಮುಚ್ಚಳವನ್ನು ಹಾರಿಸುತ್ತದೆ. ಮುಖ, ಕೈ ಸುಡುತ್ತದೆ. ಆರಿದ ಮೇಲೂ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ. ಮುಚ್ಚಳವನ್ನು ಬಟ್ಟೆಯಿಂದ ಒತ್ತಿ ಹಿಡಿದು ಕಡಿಮೆ ವೇಗದಿಂದ ಆರಂಭಿಸಿ. ಮೊದಲು ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ಅರೆದು, ಆಮೇಲೆ ಬಸಿದ ನೀರು ಸೇರಿಸಿದರೆ ನುಣುಪು ಹೆಚ್ಚು. ಬಟಾಟೆ ಸೇರಿಸುವುದಾದರೆ ಹೆಚ್ಚು ಹೊತ್ತು ತಿರುಗಿಸಬೇಡಿ, ಅಂಟು ಬರುತ್ತದೆ. ಕೆಸುವಿನ ತುರಿಕೆ ಮಿಕ್ಸಿಯಿಂದ ಹೋಗದು; ಹುಳಿ ಹಾಕಿ ಪೂರ್ತಿ ಬೇಯಿಸಲೇಬೇಕು.

ಜರಡಿಯಲ್ಲಿ ಸೋಸಿ ಮತ್ತೆ ಕುದಿಸಿ. ತೆಂಗಿನ ಹಾಲನ್ನು ಕೊನೆಗೆ ಹಾಕಿ, ಬಿಸಿಯಾದೊಡನೆ ಇಳಿಸಿ, ಕುದಿಸಿದರೆ ಒಡೆಯುತ್ತದೆ. ವರ್ಷ ತುಂಬದ ಮಗುವಿನ ಪಾಲನ್ನು ಉಪ್ಪು ಹಾಕುವ ಮೊದಲೇ ತೆಗೆದಿಡಿ. ನಂತರ ಉಪ್ಪು, ಕಾಳುಮೆಣಸಿನ ಪುಡಿ, ನಾಲ್ಕು ಹನಿ ಲಿಂಬೆರಸ. ನುಂಗಲು ಕಷ್ಟಪಡುವ ರೋಗಿಗೆ ಸೂಪು ಎಷ್ಟು ಗಟ್ಟಿಯಿರಬೇಕೆಂದು ವೈದ್ಯರನ್ನು ಕೇಳಿ. ತೀರಾ ತೆಳ್ಳಗಿದ್ದರೆ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಮಿಕ್ಸಿ ನಡುವೆ ನಿಂತರೆ ಕೆಟ್ಟಿತೆಂದು ತಿಳಿಯಬೇಡಿ. ಹೊರೆ ಹೆಚ್ಚಾದಾಗ ಅದು ತಾನೇ ನಿಲ್ಲುತ್ತದೆ. ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಅಡಿಯಲ್ಲಿರುವ ಕೆಂಪು ಗುಂಡಿ ಒತ್ತಿರಿ. ಪ್ಲಗ್ ತೆಗೆಯದೆ ಬ್ಲೇಡಿನ ಹತ್ತಿರ ಕೈ ಒಯ್ಯಬೇಡಿ.

ಅರೆದವರು ಮತ್ತು ಉಂಡವರು

ಚೀನಿಕಾಯಿ ಸೂಪನ್ನೇ ಬಿಡುಗಡೆಯ ಗುರುತಾಗಿ ಉಣ್ಣುವ ಒಂದು ದೇಶವಿದೆ. ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಆಫ್ರಿಕಾದ ಗುಲಾಮರು ಯಜಮಾನರಿಗಾಗಿ ಈ ಸೂಪು ಬೇಯಿಸುತ್ತಿದ್ದರು. ಅವರು ಮಾತ್ರ ಅದನ್ನು ಉಣ್ಣುವಂತಿರಲಿಲ್ಲ. 1804ರ ಜನವರಿ 1ರಂದು ದೇಶ ಸ್ವತಂತ್ರವಾಯಿತು. ಅಂದಿನಿಂದ ಪ್ರತಿ ಹೊಸವರ್ಷದ ದಿನ ಮನೆಮನೆಯಲ್ಲೂ ಅದೇ ಸೂಪು. 2021ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಮನೆಗಳಲ್ಲಿ ಯಾರೂ ಗುಲಾಮರಲ್ಲ ಎನ್ನುತ್ತೇವೆ. ಆದರೂ ಹಬ್ಬದ ದಿನ ಎಲ್ಲರ ಊಟ ಮುಗಿದ ಮೇಲೆ, ತಣ್ಣಗಾದ ಅನ್ನದ ಮುಂದೆ ಒಬ್ಬಳೇ ಕೂರುವವಳು ಯಾರು? ಹಿಂದೆ ಕಡೆಯುವ ಕಲ್ಲಿನ ಮುಂದೆ ಕೂತವಳು, ಇಂದು ಮಿಕ್ಸಿಯ ಮುಂದೆ ನಿಂತವಳು. ಯಂತ್ರ ಬಂದು ಅವಳ ತೋಳಿನ ನೋವು ಇಳಿಯಿತು; ಪಂಕ್ತಿಯಲ್ಲಿ ಅವಳ ಸ್ಥಾನ ಬದಲಾಗಲಿಲ್ಲ. ಅದನ್ನು ಯಂತ್ರ ಬದಲಿಸದು, ನಾವೇ ಬದಲಿಸಬೇಕು.

ಸಂತ ಅಗುಸ್ತೀನರು ಬಲಿಪೂಜೆಯ ರೊಟ್ಟಿಯನ್ನು ವಿವರಿಸುವಾಗ, ಅನೇಕ ಕಾಳುಗಳು ಅರೆಯಲ್ಪಟ್ಟು ಒಂದೇ ರೊಟ್ಟಿಯಾಗುವಂತೆ ವಿಶ್ವಾಸಿಗಳೂ ಒಂದೇ ದೇಹವಾಗುತ್ತಾರೆ ಎಂದು ಬೋಧಿಸಿದರು. ಸೂಪಿನಲ್ಲೂ ಯಾವ ಹೋಳೂ ತನ್ನ ಗಟ್ಟಿತನ ಉಳಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಅರೆಯಬೇಕಾದದ್ದು ಒಬ್ಬಳ ಜೀವವನ್ನಲ್ಲ, ನಮ್ಮೆಲ್ಲರ ಹಮ್ಮನ್ನು.

ಈ ಸಲ ಹೊಸ ಅಕ್ಕಿ ಹಂಚಿದ ಮೇಲೆ ಮೊದಲ ಬಟ್ಟಲು ಸೂಪು ಅರೆದವಳ ಕೈಗೆ ಹೋಗಲಿ, ಎರಡನೆಯದು ಅಜ್ಜಿಗೆ. ಗದ್ದೆಯಲ್ಲಿ ನಾಟಿ ಮಾಡಿದವರಿಗೂ ಒಂದು ಪಾತ್ರೆ ಕಳುಹಿಸಿ. ಬಡಿಸುವ ಸೌಟು ಈ ದಿನ ಗಂಡಸರ ಕೈಯಲ್ಲಿರಲಿ.

ಮಾತೆ ಮರಿಯಮ್ಮ ನಿಮ್ಮ ಕುಟುಂಬಗಳನ್ನು ಕಾಯಲಿ. ಎಲ್ಲರಿಗೂ ಮೊಂತಿ ಹಬ್ಬದ ಶುಭಾಶಯಗಳು.